ನಿಷೇಧವೂ ಇಲ್ಲ, ಪರಿಹಾರವೂ ಬಂದಿಲ್ಲ: ವಾಲ್‌ಪ್ರೊಯೇಟ್ ವಿವಾದವನ್ನು ಅರ್ಥಮಾಡಿಕೊಳ್ಳುವುದು ಹೇಗೆ

2024ರ ಜನವರಿ 31ರಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಹೊಸದೊಂದು ನಿಯಮ ಜಾರಿಗೆ ತಂದಿತು. 55 ವರ್ಷದೊಳಗಿನ ಯಾರಿಗೇ ಆಗಲಿ, ಹೆಣ್ಣಿರಲಿ ಗಂಡಿರಲಿ, ಸೋಡಿಯಂ ವಾಲ್‌ಪ್ರೊಯೇಟ್ ಎಂಬ ಮೂರ್ಛೆರೋಗದ ಮದ್ದನ್ನು ಹೊಸದಾಗಿ ಶುರುಮಾಡಬೇಕಾದರೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಯೋಚಿಸಿ, ಬೇರೆ ದಾರಿಯಿಲ್ಲವೆಂದು ಬರೆದಿಡಬೇಕು. ವಾರ ಕಳೆದು ಫೆಬ್ರುವರಿ 7ರಂದು ಇಂಗ್ಲೆಂಡಿನ ರೋಗಿ ಸುರಕ್ಷಾ ಆಯುಕ್ತೆ ಹೆನ್ರಿಯೆಟಾ ಹ್ಯೂಸ್ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಇದೇ ಮದ್ದಿನಿಂದ ತಾಯಿಯ ಗರ್ಭದಲ್ಲೇ ಹಾನಿಗೊಳಗಾದ ಪ್ರತಿಯೊಬ್ಬರಿಗೂ ಮೊದಲ ಕಂತಾಗಿ 1 ಲಕ್ಷ ಪೌಂಡ್ ಕೊಡಬೇಕು ಎಂಬುದು ಅದರ ಮುಖ್ಯ ಶಿಫಾರಸು.

ಎರಡೂ ಸುದ್ದಿ ಒಟ್ಟಿಗೆ ಬಂದದ್ದರಿಂದ ಗೊಂದಲ ಹುಟ್ಟಿತು. ಮದ್ದು ಅಷ್ಟು ಅಪಾಯಕಾರಿಯಾಗಿದ್ದರೆ ನಿಷೇಧ ಯಾಕಿಲ್ಲ? ಹಾನಿ ಗರ್ಭದಲ್ಲಿ ಆಗುವುದಾದರೆ ಗಂಡಸರಿಗೇಕೆ ನಿಯಮ? ಸರ್ಕಾರವೇ ನೇಮಿಸಿದ ಆಯುಕ್ತೆ ಪರಿಹಾರ ಕೊಡಿ ಎಂದ ಮೇಲೂ, ವರದಿಗೆ ಒಂದು ವರ್ಷ ತುಂಬುವ ಹೊತ್ತಿಗೂ ಒಬ್ಬರ ಕೈಗೂ ಹಣ ಸೇರದಿದ್ದುದು ಏಕೆ?

ಉತ್ತರ ಬೇಕಾದರೆ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಇನ್ನು ಮುಂದೆ ಯಾರಿಗೂ ಹಾನಿಯಾಗದಂತೆ ತಡೆಯುವುದು ಒಂದು. ಈಗಾಗಲೇ ಆದ ಹಾನಿಗೆ ಹೊಣೆ ಹೊರುವುದು ಇನ್ನೊಂದು. ಬ್ರಿಟನ್ ಮೊದಲನೆಯದನ್ನು ಬಿಗಿಗೊಳಿಸುತ್ತ ಹೋಗಿದೆ, ಎರಡನೆಯದನ್ನು ಮುಂದೂಡುತ್ತ ಬಂದಿದೆ. ಎರಡನ್ನೂ ಒಂದೇ ಎಂಬಂತೆ ಮಾತಾಡುವುದರಿಂದ ಹಾನಿಗೊಳಗಾದವರಿಗೂ ಅನ್ಯಾಯ, ಇಂದು ಆ ಮಾತ್ರೆ ನುಂಗುತ್ತಿರುವವರಿಗೂ ಅನ್ಯಾಯ.

ಬಿಟ್ಟುಬಿಡಲಾಗದ ಮದ್ದು

ವಾಲ್‌ಪ್ರೊಯಿಕ್ ಆಮ್ಲವನ್ನು ಮೊದಲು ತಯಾರಿಸಿದ್ದು 1882ರಲ್ಲಿ. ಸುಮಾರು ಎಂಟು ದಶಕ ಅದು ಪ್ರಯೋಗಾಲಯಗಳಲ್ಲಿ ಬೇರೆ ವಸ್ತುಗಳನ್ನು ಕರಗಿಸುವ ದ್ರವವಾಗಿಯೇ ಉಳಿದಿತ್ತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಪಿಯೆರ್ ಎಮಾರ್ ಬೇರೆ ಬೇರೆ ರಾಸಾಯನಿಕಗಳನ್ನು ಇದರಲ್ಲಿ ಕರಗಿಸಿ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಿದ್ದಾಗ ಎಲ್ಲವೂ ಫಿಟ್ಸ್ ತಡೆಯುವಂತೆ ಕಂಡವು. ಆಗ ತಿಳಿಯಿತು, ಗುಣ ಕರಗಿದ ವಸ್ತುವಿನದಲ್ಲ, ಕರಗಿಸಿದ ದ್ರವದ್ದು. 1967ರಲ್ಲಿ ಫ್ರಾನ್ಸಿನಲ್ಲಿ ಡೆಪಾಕಿನ್ ಎಂಬ ಹೆಸರಿನಲ್ಲಿ, 1970ರ ದಶಕದ ಮೊದಲ ಭಾಗದಲ್ಲಿ ಬ್ರಿಟನ್ನಿನಲ್ಲಿ ಎಪಿಲಿಮ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಮುಂದೆ ಬೈಪೋಲಾರ್ ಕಾಯಿಲೆಯ ಉನ್ಮಾದ ಸ್ಥಿತಿಗೂ ಬಳಕೆಯಾಯಿತು.

ಮೂರ್ಛೆರೋಗ ಒಂದೇ ಕಾಯಿಲೆಯಲ್ಲ. ಮಿದುಳಿನ ಒಂದು ಭಾಗದಿಂದ ಶುರುವಾಗುವ ಫಿಟ್ಸ್‌ಗೆ ಹಲವು ಮದ್ದುಗಳಿವೆ. ಇಡೀ ಮಿದುಳಿನಲ್ಲಿ ಒಮ್ಮೆಲೇ ಏಳುವ ಬಗೆಗೆ, ಅದರಲ್ಲೂ ಹರೆಯದಲ್ಲಿ ಕಾಣಿಸಿಕೊಳ್ಳುವ, ಬೆಳಿಗ್ಗೆ ಕೈ ಅದುರುವ ಬಗೆಗೆ ಆಯ್ಕೆ ಕಡಿಮೆ. 2007ರಲ್ಲಿ ಪ್ರಕಟವಾದ ಸನಾಡ್ ಎಂಬ ಬ್ರಿಟಿಷ್ ಅಧ್ಯಯನದಲ್ಲಿ ಈ ಬಗೆಯ ರೋಗಿಗಳಿಗೆ ವಾಲ್‌ಪ್ರೊಯೇಟ್ ಅತ್ಯುತ್ತಮವೆಂದು ಕಂಡುಬಂತು. 2021ರಲ್ಲಿ ಅದರ ಎರಡನೆಯ ಅಧ್ಯಯನ ಹೊಸ ಮದ್ದಾದ ಲೆವೆಟಿರಾಸೆಟಮ್ ಅನ್ನು ಪಕ್ಕದಲ್ಲಿಟ್ಟು ನೋಡಿತು, ಅದೂ ಸಾಟಿಯಾಗಲಿಲ್ಲ.

ಮೂರ್ಛೆರೋಗ ಇರುವ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರು, ಬೇರೆ ಯಾವ ಕಾರಣವೂ ಕಾಣದೆ, ಹಠಾತ್ತನೆ ಸಾಯುತ್ತಾರೆ. ಫಿಟ್ಸ್ ಹತೋಟಿಯಲ್ಲಿಲ್ಲದಿದ್ದರೆ ಈ ಅಪಾಯ ಹೆಚ್ಚು. ಆದ್ದರಿಂದ ವಾಲ್‌ಪ್ರೊಯೇಟ್ ಪೂರ್ತಿ ತೆಗೆದುಹಾಕಿದರೆ ಕೆಲವರ ಜೀವವೇ ಹೋಗುತ್ತದೆ. ಹೋರಾಟಗಾರರೂ ನಿಷೇಧ ಕೇಳಿದವರಲ್ಲ. ಈ ಒಂದು ಅಂಶ ಸುದ್ದಿಗಳಲ್ಲಿ ಹೆಚ್ಚಾಗಿ ಕಾಣೆಯಾಗುತ್ತದೆ.

ಗರ್ಭದಲ್ಲಿ ನಡೆಯುವುದೇನು

ತಾಯಿ ನುಂಗಿದ ಮದ್ದು ಮಾಸುವನ್ನು ದಾಟಿ ಭ್ರೂಣವನ್ನು ಸೇರುತ್ತದೆ. ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂಬುದನ್ನು ನಿಯಂತ್ರಿಸುವ ಕಿಣ್ವಗಳನ್ನು ವಾಲ್‌ಪ್ರೊಯೇಟ್ ತಡೆಯುತ್ತದೆ, ಫೋಲೇಟ್ ಬಳಕೆಗೂ ಅಡ್ಡಿಮಾಡುತ್ತದೆ. ಅಂಗಾಂಗಗಳು ರೂಪುಗೊಳ್ಳುವ ಹೊತ್ತಿನಲ್ಲಿ ಇವೆರಡೂ ಏರುಪೇರಾಗಬಾರದು.

ಸಾಮಾನ್ಯವಾಗಿ ನೂರು ಶಿಶುಗಳಲ್ಲಿ 2–3ಕ್ಕೆ ದೊಡ್ಡ ಜನ್ಮಜಾತ ನ್ಯೂನತೆ ಇರುತ್ತದೆ. ವಾಲ್‌ಪ್ರೊಯೇಟ್ ತೆಗೆದುಕೊಂಡ ತಾಯಂದಿರ ಶಿಶುಗಳಲ್ಲಿ ಅದು ಸುಮಾರು 10–11: ಬೆನ್ನುಹುರಿ ಸರಿಯಾಗಿ ಮುಚ್ಚದಿರುವುದು, ಹೃದಯದ ದೋಷ, ಸೀಳು ಅಂಗುಳ, ಕೈಕಾಲು ಮತ್ತು ಮೂತ್ರಾಂಗಗಳ ದೋಷ. ಪ್ರಮಾಣ ಏರಿದಂತೆ ಅಪಾಯವೂ ಏರುತ್ತದೆ. ಹಲವು ದೇಶಗಳ ಗರ್ಭಿಣಿಯರನ್ನು ದಾಖಲಿಸುವ ಯುರಾಪ್ ನೋಂದಣಿಯ 2018ರ ವರದಿಯಂತೆ ದಿನಕ್ಕೆ 650 ಮಿಲಿಗ್ರಾಂವರೆಗೆ ತೆಗೆದುಕೊಂಡವರಲ್ಲಿ ಶೇ 6.3, 650ರಿಂದ 1450ರವರೆಗೆ ಶೇ 11.3, ಅದಕ್ಕೂ ಮೇಲೆ ಶೇ 25.2. ಅದೇ ನೋಂದಣಿಯಲ್ಲಿ ಲ್ಯಾಮೊಟ್ರಿಜಿನ್ ಶೇ 2.9, ಲೆವೆಟಿರಾಸೆಟಮ್ ಶೇ 2.8. ಎಂದರೆ ಈ ಎರಡು ಮದ್ದುಗಳ ಅಪಾಯ ಹೆಚ್ಚುಕಡಿಮೆ ಸಾಮಾನ್ಯ ಮಟ್ಟದಲ್ಲೇ ಇದೆ.

ಕಣ್ಣಿಗೆ ಕಾಣದ ಹಾನಿ ಇನ್ನೂ ದೊಡ್ಡದು. ನೂರರಲ್ಲಿ 30–40 ಮಕ್ಕಳಿಗೆ ಬೆಳವಣಿಗೆಯ ತೊಂದರೆ: ತಡವಾಗಿ ನಡೆಯುವುದು, ತಡವಾಗಿ ಮಾತಾಡುವುದು, ನೆನಪು ಮತ್ತು ಗಮನದ ಕೊರತೆ, ಆಟಿಸಂ. ಬುದ್ಧಿಮತ್ತೆಯ ಅಂಕ ಸರಾಸರಿ 7ರಿಂದ 10ರಷ್ಟು ಕಡಿಮೆ. 2013ರ ಡೆನ್ಮಾರ್ಕ್ ಅಧ್ಯಯನದಲ್ಲಿ ಆಟಿಸಂ ಬಗೆಯ ತೊಂದರೆಗಳು ಈ ಮಕ್ಕಳಲ್ಲಿ ಶೇ 4.4, ಉಳಿದವರಲ್ಲಿ ಶೇ 1.5. ಇವು ಹುಟ್ಟಿದ ದಿನ ಗೊತ್ತಾಗುವಂಥವಲ್ಲ. ಮಗುವಿಗೆ ಎರಡು, ಮೂರು ವರ್ಷವಾದಾಗ, ಕೆಲವೊಮ್ಮೆ ಶಾಲೆಗೆ ಹೋದ ಮೇಲೆ ತಿಳಿಯುತ್ತದೆ. ಅಷ್ಟರೊಳಗೆ ತಾಯಿಗೆ ಎರಡನೆಯ, ಮೂರನೆಯ ಮಗು ಆಗಿರುತ್ತದೆ. ಒಂದೇ ಮನೆಯಲ್ಲಿ ಹಲವು ಮಕ್ಕಳಿಗೆ ಹಾನಿಯಾದ ಉದಾಹರಣೆಗಳು ಇಷ್ಟೊಂದು ಇರುವುದಕ್ಕೆ ಇದೇ ಕಾರಣ.

ಗರ್ಭಿಣಿಯಾದ ಮೇಲೆ ಮಾತ್ರೆ ಬದಲಿಸಿದರಾಗದೇ ಎಂದು ಕೇಳುವವರುಂಟು. ಬೆನ್ನುಹುರಿಯಾಗಿ ಬೆಳೆಯುವ ನರನಾಳ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಅನುಮಾನ ಬಂದು, ಪರೀಕ್ಷೆ ಮಾಡಿಸಿ, ತಜ್ಞರ ಭೇಟಿಗೆ ದಿನ ಸಿಗುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ಮಿದುಳಿನ ಬೆಳವಣಿಗೆಗೆ ಆಗುವ ಹಾನಿಯಂತೂ ಗರ್ಭಾವಸ್ಥೆಯ ಉದ್ದಕ್ಕೂ ಆಗಬಹುದು. ಗರ್ಭಧಾರಣೆಗೆ ಮೊದಲೇ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಕೊಡುವ ಪದ್ಧತಿಯಿದೆ. ಆದರೆ ವಾಲ್‌ಪ್ರೊಯೇಟಿನಿಂದಾಗುವ ದೋಷವನ್ನು ಅದು ತಡೆಯುತ್ತದೆಂಬುದಕ್ಕೆ ಆಧಾರವಿಲ್ಲ. ಹಾಗಾಗಿ ಎಚ್ಚರಿಕೆಯ ಮಾತು ಹೆಣ್ಣಿಗೆ ತಲುಪಬೇಕಾದದ್ದು ಗರ್ಭ ನಿಲ್ಲುವುದಕ್ಕೆ ತಿಂಗಳುಗಳ ಮೊದಲು.

ಮಾತು ತಲುಪದ ದಾರಿ

ಇಡೀ ವಿವಾದದ ತಿರುಳು ಇಲ್ಲಿದೆ. ಬ್ರಿಟನ್ನಿನಲ್ಲಿ ಪರವಾನಗಿ ಕೊಡುವಾಗಲೇ, 1970ರ ದಶಕದ ಮೊದಲ ಭಾಗದಲ್ಲಿ, ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಭ್ರೂಣಕ್ಕೆ ಅಪಾಯವಿರಬಹುದೆಂಬ ಸುಳಿವು ಸಿಕ್ಕಿತ್ತು. ಆಗಿನ ಔಷಧ ಸುರಕ್ಷಾ ಸಮಿತಿಯ ಕಾಗದಪತ್ರಗಳನ್ನು ಹೋರಾಟಗಾರರು ಮುಂದೆ ರಾಷ್ಟ್ರೀಯ ಪತ್ರಾಗಾರದಿಂದ ಹೊರತೆಗೆದರು. ಎಚ್ಚರಿಕೆ ವೈದ್ಯರಿಗೆ ಕೊಡುವ ಹಾಳೆಯಲ್ಲಿ ಇದ್ದರೆ ಸಾಕು, ರೋಗಿಯ ಕಣ್ಣಿಗೆ ಬೀಳುವ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬೇಡ ಎಂಬ ನಿಲುವು ಅವುಗಳಲ್ಲಿ ದಾಖಲಾಗಿದೆ. ವ್ಯರ್ಥ ಆತಂಕ ಹುಟ್ಟಬಾರದು ಎಂಬುದು ಕೊಟ್ಟ ಕಾರಣ. ಹೆಣ್ಣು ಹೆದರಿ ಮಾತ್ರೆ ಬಿಟ್ಟರೆ ಫಿಟ್ಸ್ ಬಂದು ಸಾಯಬಹುದೆಂಬ ಭಯ ಪೂರ್ತಿ ಸುಳ್ಳೇನಲ್ಲ. ಆದರೆ ಆ ಭಯದ ಹೆಸರಿನಲ್ಲಿ ನಿರ್ಧಾರ ಮಾಡುವ ಹಕ್ಕನ್ನೇ ಅವಳ ಕೈಯಿಂದ ತೆಗೆದುಕೊಳ್ಳಲಾಯಿತು.

1982ರಲ್ಲಿ ಫ್ರಾನ್ಸಿನ ಲಿಯೋನ್ ಪ್ರದೇಶದ ಜನ್ಮಜಾತ ದೋಷಗಳ ನೋಂದಣಿಯನ್ನು ಪರಿಶೀಲಿಸುತ್ತಿದ್ದ ಎಲಿಜಬೆತ್ ರೊಬೇರ್, ವಾಲ್‌ಪ್ರೊಯೇಟ್ ತೆಗೆದುಕೊಂಡ ತಾಯಂದಿರ ಶಿಶುಗಳಲ್ಲಿ ಬೆನ್ನುಹುರಿಯ ದೋಷ ಹೆಚ್ಚಾಗಿರುವುದನ್ನು ವರದಿ ಮಾಡಿದರು. ಅಲ್ಲಿಂದಾಚೆಗೆ ಅನುಮಾನವೆಂದು ತಳ್ಳಿಹಾಕುವಂತಿರಲಿಲ್ಲ. ಆದರೂ ಯುರೋಪಿನ ನಿಯಂತ್ರಣ ವ್ಯವಸ್ಥೆ ಎಚ್ಚರಿಕೆಯನ್ನು ಗಟ್ಟಿಯಾಗಿ ಬಿಗಿಗೊಳಿಸಿದ್ದು 2014ರಲ್ಲಿ. ಗರ್ಭ ತಡೆಗಟ್ಟುವ ಕಾರ್ಯಕ್ರಮ ಇಲ್ಲದೆ ಹೆಣ್ಣುಮಕ್ಕಳಿಗೆ ಕೊಡಲೇಬಾರದೆಂದು ಹೇಳಿದ್ದು 2018ರಲ್ಲಿ.

ನಿಯಮ ಬಂದಮೇಲೂ ಮಾತು ದಾರಿಯಲ್ಲಿ ಕಳೆದುಹೋದ ಬಗೆಯನ್ನು ನೋಡಿ. ತಯಾರಕರು ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸುತ್ತಾರೆ, ಒಳಗೆ ಮಾಹಿತಿ ಚೀಟಿ ಇಡುತ್ತಾರೆ, ಗಮನ ಸೆಳೆಯುವ ಕಾರ್ಡು ಅಂಟಿಸುತ್ತಾರೆ. ಆದರೆ ಪೆಟ್ಟಿಗೆಯಲ್ಲಿ 30 ಮಾತ್ರೆಗಳಿದ್ದು ವೈದ್ಯರು 28 ಬರೆದಿದ್ದರೆ ಔಷಧಗಾರರು ಎಣಿಸಿ ಬೇರೆ ಪೊಟ್ಟಣಕ್ಕೆ ಹಾಕಬೇಕಾಗುತ್ತಿತ್ತು. ಹಾಗೆ ಬೇರ್ಪಟ್ಟ ಮಾತ್ರೆಗಳು ಬಿಳಿ ಪೆಟ್ಟಿಗೆಯಲ್ಲಿ, ಚೀಟಿ ಇಲ್ಲದೆ, ಕಾರ್ಡು ಇಲ್ಲದೆ ಮನೆ ಸೇರಿದವು. ಮೂಲ ಪೆಟ್ಟಿಗೆಯೇ ಸಿಕ್ಕವರಲ್ಲೂ ಕೆಲವರಿಗೆ ರೋಗಿಯ ಹೆಸರು, ಪ್ರಮಾಣ ಬರೆದ ಲೇಬಲ್ಲು ಎಚ್ಚರಿಕೆಯ ಮೇಲೆಯೇ ಅಂಟಿರುತ್ತಿತ್ತು. ಅಂತೂ 2023ರ ಅಕ್ಟೋಬರ್ 11ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಒಂದು ಕಾನೂನು ಬಂತು: ವಾಲ್‌ಪ್ರೊಯೇಟ್ ಅನ್ನು ತಯಾರಕರ ಮೂಲ ಪೆಟ್ಟಿಗೆಯಲ್ಲೇ, ಪೂರ್ತಿಯಾಗಿ ಕೊಡಬೇಕು. ವೈದ್ಯರು ಬರೆದ ಸಂಖ್ಯೆಗಿಂತ ಎರಡು ಮಾತ್ರೆ ಹೆಚ್ಚಾದರೆ ಹೆಚ್ಚಾಗಲಿ. ಇಷ್ಟು ಸಣ್ಣ ತಿದ್ದುಪಡಿಗೆ ಹಿಡಿದದ್ದು ಸುಮಾರು ಐವತ್ತು ವರ್ಷ.

ವಾರ್ಷಿಕ ಒಪ್ಪಿಗೆ ಪತ್ರದ ಸ್ಥಿತಿಯೂ ಇಂಥದ್ದೇ. ಗರ್ಭ ಧರಿಸಬಲ್ಲ ವಯಸ್ಸಿನ ಪ್ರತಿಯೊಬ್ಬ ರೋಗಿಯೂ ವರ್ಷಕ್ಕೊಮ್ಮೆ ತಜ್ಞರೊಡನೆ ಕೂತು, ಅಪಾಯ ಅರ್ಥವಾಗಿದೆಯೆಂದು ಸಹಿ ಹಾಕಬೇಕು. ಮೊದಲು ಗರ್ಭ ಪರೀಕ್ಷೆ, ನಂತರ ನೆಚ್ಚಬಹುದಾದ ಗರ್ಭನಿರೋಧಕ: ವಂಕಿ ಇಲ್ಲವೇ ಚರ್ಮದಡಿಯ ಇಂಪ್ಲಾಂಟ್, ಅದಾಗದಿದ್ದರೆ ಎರಡು ವಿಧಾನ ಒಟ್ಟಿಗೆ. ಕಾಗದದ ಮೇಲೆ ಇದು ಸರಿಯಾಗಿದೆ. ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕಾದ ಕಡೆ ಸಹಿ ಬರಿಯ ಶಾಸ್ತ್ರವಾಗಿಬಿಡುತ್ತದೆ. ಬುದ್ಧಿಮಾಂದ್ಯ ಇರುವ ರೋಗಿಯ ಪರವಾಗಿ ಯಾರು, ಏನನ್ನು ಅರ್ಥಮಾಡಿಕೊಂಡು ಸಹಿ ಹಾಕಬೇಕು ಎಂಬ ಪ್ರಶ್ನೆಗೂ ಸುಲಭದ ಉತ್ತರವಿಲ್ಲ.

ಹೋರಾಟಗಾರರ ಬೇಡಿಕೆ

ಬ್ರಿಟನ್ನಿನಲ್ಲಿ ಈ ವಿಷಯವನ್ನು ಸಂಸತ್ತಿನ ಮೆಟ್ಟಿಲು ಹತ್ತಿಸಿದವರು ಜಾನೆಟ್ ವಿಲಿಯಮ್ಸ್ ಮತ್ತು ಎಮ್ಮಾ ಮರ್ಫಿ. ಇಬ್ಬರೂ ಈ ಮದ್ದು ತೆಗೆದುಕೊಂಡ ತಾಯಂದಿರು. 2012ರಲ್ಲಿ ಇನ್‌ಫ್ಯಾಕ್ಟ್ ಎಂಬ ಸಂಘಟನೆ ಕಟ್ಟಿದರು. ಅವರ ವಾದದಲ್ಲಿ ಎರಡು ಭಾಗ. ಅಪಾಯ ತಿಳಿಸಿ, ನಿರ್ಧಾರ ನಮಗೆ ಬಿಡಿ ಎಂಬುದು ಮೊದಲನೆಯದು. ತಿಳಿಸದೆ ಆದ ಹಾನಿಗೆ ಜೀವನಪೂರ್ತಿ ಆಸರೆ ಕೊಡಿ ಎಂಬುದು ಎರಡನೆಯದು.

2018ರಲ್ಲಿ ಆರೋಗ್ಯ ಸಚಿವ ಜೆರೆಮಿ ಹಂಟ್ ಬ್ಯಾರೊನೆಸ್ ಕಂಬರ್ಲೆಜ್ ನೇತೃತ್ವದಲ್ಲಿ ಪರಿಶೀಲನೆಗೆ ಆದೇಶಿಸಿದರು. ವಾಲ್‌ಪ್ರೊಯೇಟ್, ಗರ್ಭ ಪರೀಕ್ಷೆಗೆ ಕೊಡುತ್ತಿದ್ದ ಪ್ರಿಮೊಡೋಸ್ ಎಂಬ ಹಾರ್ಮೋನು ಮಾತ್ರೆ, ಶ್ರೋಣಿಭಾಗದಲ್ಲಿ ಮೆಶ್ ಎಂಬ ಬಲೆ ಅಳವಡಿಸುವ ಶಸ್ತ್ರಚಿಕಿತ್ಸೆ, ಈ ಮೂರನ್ನೂ ಅದು ಒಟ್ಟಿಗೆ ನೋಡಿತು. 2020ರ ಜುಲೈನಲ್ಲಿ ಬಂದ ವರದಿ ಕ್ಷಮೆಯಾಚನೆ, ರೋಗಿ ಸುರಕ್ಷಾ ಆಯುಕ್ತರ ಹುದ್ದೆ, ಪರಿಹಾರಕ್ಕೆ ಸ್ವತಂತ್ರ ಸಂಸ್ಥೆ, ಮೂರೂ ಗುಂಪುಗಳಿಗೆ ಪ್ರತ್ಯೇಕ ಪರಿಹಾರ ಯೋಜನೆಗಳನ್ನು ಕೇಳಿತು. ಕ್ಷಮೆ ತಕ್ಷಣ ಬಂತು. ಆಯುಕ್ತರೂ ಬಂದರು. ಪರಿಹಾರದ ಎರಡು ಶಿಫಾರಸುಗಳನ್ನು ಮಾತ್ರ ಸರ್ಕಾರ 2021ರ ಜುಲೈನಲ್ಲಿ ತಿರಸ್ಕರಿಸಿತು; ತನ್ನ ಆದ್ಯತೆ ಮುಂದಿನ ದಿನಗಳ ಔಷಧ ಸುರಕ್ಷತೆ ಎಂದಿತು. ಹೋರಾಟ ನಿಲ್ಲದ ಕಾರಣ ಪರಿಹಾರದ ಸಾಧ್ಯತೆಗಳನ್ನು ಹುಡುಕುವಂತೆ ಹೊಸ ಆಯುಕ್ತೆ ಹ್ಯೂಸ್ ಅವರನ್ನೇ ಕೇಳಿಕೊಂಡಿತು. ಆ ಪರಿಶೀಲನೆಯ ವ್ಯಾಪ್ತಿಯಿಂದ ಪ್ರಿಮೊಡೋಸ್ ಹೊರಗುಳಿಯಿತು.

ಹ್ಯೂಸ್ ವರದಿ ಎರಡು ಹಂತ ಸೂಚಿಸುತ್ತದೆ. ಮೊದಲು ಎಲ್ಲರಿಗೂ ಸಮಾನ ಮಧ್ಯಂತರ ಮೊತ್ತ: ವಾಲ್‌ಪ್ರೊಯೇಟಿನಿಂದ ಹಾನಿಗೊಂಡವರಿಗೆ 1 ಲಕ್ಷ ಪೌಂಡ್, ಮೆಶ್ ಹಾನಿಗೆ 20 ಸಾವಿರ ಪೌಂಡ್. ನಂತರ ಪ್ರತಿಯೊಬ್ಬರ ಅಗತ್ಯವನ್ನು ಅಳೆದು ಕೊಡುವ ಮುಖ್ಯ ಯೋಜನೆ. ಹಣದ ಜೊತೆಗೆ ವಸತಿ, ಶಿಕ್ಷಣ, ಆರೈಕೆ ಸೇವೆಗಳಲ್ಲಿ ನೆರವು. ಎರಡು ಹಂತ ಮಾಡಿದ್ದಕ್ಕೆ ಕಾರಣವಿದೆ. ಅಗತ್ಯ ಅಳೆಯುವ ಕೆಲಸಕ್ಕೆ ವರ್ಷಗಳು ಬೇಕು. 1970ರ ದಶಕದ ಕೊನೆಯಲ್ಲಿ ಹುಟ್ಟಿದವರಿಗೆ ಈಗಲೇ ನಲವತ್ತು ದಾಟಿದೆ, ಅವರನ್ನು ನೋಡಿಕೊಳ್ಳುವ ತಾಯಂದಿರು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ.

ವೈದ್ಯರ ಆತಂಕ

ಇಬ್ಬರು ತಜ್ಞರ ನಿಯಮವನ್ನು ವಿರೋಧಿಸಿದ ನರರೋಗ ತಜ್ಞರನ್ನು ಹಾನಿ ಒಪ್ಪದವರೆಂದು ತಿಳಿಯುವುದು ತಪ್ಪು. ಮದ್ದು ಬದಲಿಸುವುದೇ ಒಂದು ಅಪಾಯ ಎಂಬುದು ಅವರ ವಾದ. ಲೆಕ್ಕ ನೋಡಿದರೆ ಅದರ ತೂಕ ತಿಳಿಯುತ್ತದೆ.

ವಾಲ್‌ಪ್ರೊಯೇಟಿನಿಂದ ಲ್ಯಾಮೊಟ್ರಿಜಿನ್‌ಗೆ ಬದಲಾಯಿಸುವುದೆಂದರೆ ಇವತ್ತು ಒಂದು ನಿಲ್ಲಿಸಿ ನಾಳೆ ಇನ್ನೊಂದು ಶುರುಮಾಡುವುದಲ್ಲ. ವಾಲ್‌ಪ್ರೊಯೇಟ್ ದೇಹದಲ್ಲಿದ್ದಾಗ ಲ್ಯಾಮೊಟ್ರಿಜಿನ್ ಹೊರಹೋಗುವ ವೇಗ ಕುಗ್ಗಿ, ರಕ್ತದಲ್ಲಿ ಅದರ ಮಟ್ಟ ಸುಮಾರು ದುಪ್ಪಟ್ಟಾಗುತ್ತದೆ. ಬೇಗ ಏರಿಸಿದರೆ ಚರ್ಮ ಸುಲಿದುಹೋಗುವಂಥ, ಪ್ರಾಣಾಂತಿಕ ಪ್ರತಿಕ್ರಿಯೆ ಬರಬಹುದು. ಹಾಗಾಗಿ ವಯಸ್ಕರಿಗೆ ಮೊದಲ ಎರಡು ವಾರ ದಿನ ಬಿಟ್ಟು ದಿನ 25 ಮಿಲಿಗ್ರಾಂ, ಮುಂದಿನ ಎರಡು ವಾರ ದಿನಕ್ಕೆ 25, ಆಮೇಲೆ ಒಂದೆರಡು ವಾರಕ್ಕೊಮ್ಮೆ 25ರಿಂದ 50ರಷ್ಟೇ ಏರಿಕೆ. ಹೊಸದು ಸಾಕಷ್ಟು ಮಟ್ಟ ಮುಟ್ಟಿದ ಮೇಲೆ ಹಳೆಯದನ್ನು ಹಂತಹಂತವಾಗಿ ಇಳಿಸಬೇಕು; ಇಳಿಸುತ್ತ ಹೋದಂತೆ ಹೊಸದರ ಮಟ್ಟ ಕುಸಿಯುವುದರಿಂದ ಅದರ ಪ್ರಮಾಣವನ್ನು ಮತ್ತೆ ಹೆಚ್ಚಿಸಬೇಕು. ತಿಂಗಳುಗಳ ಕೆಲಸ ಇದು. ನಡುವೆ ಒಂದು ಫಿಟ್ಸ್ ಬಂದರೆ ಚಾಲನಾ ಪರವಾನಗಿ ಹೋಗುತ್ತದೆ, ಕೆಲಸವೂ ಹೋಗಬಹುದು. ಕೈ ಅದುರುವ ಬಗೆಯ ಮೂರ್ಛೆಯಲ್ಲಿ ಲ್ಯಾಮೊಟ್ರಿಜಿನ್ ಅದುರನ್ನೇ ಹೆಚ್ಚಿಸುವುದೂ ಉಂಟು. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಾಗ, ಗರ್ಭಿಣಿಯಾದಾಗ ಲ್ಯಾಮೊಟ್ರಿಜಿನ್ ಮಟ್ಟ ರಕ್ತದಲ್ಲಿ ಇಳಿಯುತ್ತದೆ; ಯಾರೂ ಗಮನಿಸದಿದ್ದರೆ ಹತೋಟಿಯಲ್ಲಿದ್ದ ಫಿಟ್ಸ್ ಮರಳುತ್ತದೆ.

ಸುದ್ದಿ ಓದಿ ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸುವುದು ಇದಕ್ಕಿಂತ ಕೆಟ್ಟದ್ದು. ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೊಂದು ಬಿಡದೆ ಬರುವ ಫಿಟ್ಸ್ ಜೀವ ತೆಗೆಯಬಹುದು. ತಾಯಂದಿರ ಮರಣಗಳನ್ನು ಪರಿಶೀಲಿಸುವ ಬ್ರಿಟನ್ನಿನ ವರದಿ 2020ರಲ್ಲಿ ಹೇಳಿದಂತೆ, 2016–18ರ ಅವಧಿಯಲ್ಲಿ ಮೂರ್ಛೆರೋಗದ ಹಠಾತ್ ಸಾವುಗಳು ಗರ್ಭಿಣಿ ಮತ್ತು ಬಾಣಂತಿಯರಲ್ಲಿ ಅದರ ಹಿಂದಿನ ಅವಧಿಗಿಂತ ದುಪ್ಪಟ್ಟಾಗಿದ್ದವು. ಇದಕ್ಕೆ ವಾಲ್‌ಪ್ರೊಯೇಟ್ ನಿಯಮವೇ ಕಾರಣವೆಂದು ಹೇಳಲಾಗದು. ಆದರೆ ಮದ್ದು ಬಿಡಿಸುವಾಗ ಪಕ್ಕದಲ್ಲಿ ತಜ್ಞರು ಇಲ್ಲದಿದ್ದರೆ ಏನಾಗಬಹುದೆಂಬುದನ್ನು ಈ ಸಂಖ್ಯೆ ನೆನಪಿಸುತ್ತದೆ.

ಗಂಡಸರಿಗೆ ನಿಯಮ ಯಾಕೆ

ಇಲ್ಲಿ ವಿಜ್ಞಾನ ಹೆಣ್ಣುಮಕ್ಕಳ ವಿಷಯದಷ್ಟು ಗಟ್ಟಿಯಾಗಿಲ್ಲ. ವಾಲ್‌ಪ್ರೊಯೇಟಿನಿಂದ ಕೆಲವು ಗಂಡಸರಲ್ಲಿ ಫಲವಂತಿಕೆ ಕುಗ್ಗುವುದು ಗೊತ್ತಿದ್ದದ್ದೇ. ಹೊಸ ಪ್ರಶ್ನೆ ಹುಟ್ಟಿದ್ದು ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳ ದಾಖಲೆಗಳನ್ನು ಬಳಸಿದ ಒಂದು ಅಧ್ಯಯನದಿಂದ. ಗರ್ಭಧಾರಣೆಗೆ ಹಿಂದಿನ ಮೂರು ತಿಂಗಳಲ್ಲಿ ತಂದೆ ವಾಲ್‌ಪ್ರೊಯೇಟ್ ತೆಗೆದುಕೊಂಡಿದ್ದರೆ ನೂರರಲ್ಲಿ ಸುಮಾರು 5 ಮಕ್ಕಳಿಗೆ ಬೆಳವಣಿಗೆಯ ತೊಂದರೆ; ಲ್ಯಾಮೊಟ್ರಿಜಿನ್ ಅಥವಾ ಲೆವೆಟಿರಾಸೆಟಮ್ ತೆಗೆದುಕೊಂಡಿದ್ದರೆ ಸುಮಾರು 3. 2024ರಲ್ಲಿ ಪ್ರಕಟವಾದ, ಡೆನ್ಮಾರ್ಕಿನ ದಾಖಲೆಗಳನ್ನಷ್ಟೇ ನೋಡಿದ ಇನ್ನೊಂದು ಅಧ್ಯಯನ ಅಂಥ ಸಂಬಂಧ ಕಾಣಲಿಲ್ಲವೆಂದಿತು.

ನಿಯಂತ್ರಣ ಸಂಸ್ಥೆ ಮುನ್ನೆಚ್ಚರಿಕೆಯ ದಾರಿ ಹಿಡಿಯಿತು. 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ಸಲಹೆಯಂತೆ ಗಂಡಸರು ಮದ್ದು ತೆಗೆದುಕೊಳ್ಳುವಾಗಲೂ ನಿಲ್ಲಿಸಿದ ಮೇಲೆ ಕನಿಷ್ಠ ಮೂರು ತಿಂಗಳೂ ಗರ್ಭನಿರೋಧಕ ಬಳಸಬೇಕು. ಮೂರು ತಿಂಗಳೆಂದರೆ ವೀರ್ಯಾಣು ಹೊಸದಾಗಿ ಉತ್ಪತ್ತಿಯಾಗಿ ಬಲಿಯುವ ಅವಧಿ. 2025ರ ಫೆಬ್ರುವರಿಯಲ್ಲಿ ಇನ್ನೊಂದು ಸ್ಪಷ್ಟನೆ ಬಂತು: ಈಗಾಗಲೇ ಮದ್ದಿನಲ್ಲಿರುವ ಗಂಡಸರಿಗೆ ಇಬ್ಬರು ತಜ್ಞರ ಪರಿಶೀಲನೆ ಬೇಕಿಲ್ಲ, ಹೊಸದಾಗಿ ಶುರುಮಾಡುವವರಿಗಷ್ಟೇ. ತಾಯಿಯ ಮೂಲಕ ಬರುವ ಅಪಾಯ ನೂರರಲ್ಲಿ 30–40. ತಂದೆಯ ಮೂಲಕ ಬರಬಹುದಾದದ್ದು 5, ಅದೂ ಇನ್ನೂ ಇತ್ಯರ್ಥವಾಗಿಲ್ಲ. ಎರಡನ್ನೂ ಒಂದೇ ದಪ್ಪಕ್ಷರದ ಶೀರ್ಷಿಕೆಯಲ್ಲಿ ಹೇಳಿದರೆ ಓದುಗರು ದಾರಿ ತಪ್ಪುತ್ತಾರೆ.

ನ್ಯಾಯಾಲಯದ ಬಾಗಿಲು ಮುಚ್ಚಿದ್ದು ಹೇಗೆ

ಹಾನಿ ಇಷ್ಟು ಸ್ಪಷ್ಟವಿದ್ದರೆ ದಾವೆ ಹೂಡಿ ಗೆಲ್ಲಬಹುದಿತ್ತಲ್ಲ? ಪ್ರಯತ್ನ ನಡೆದಿತ್ತು. ತಯಾರಕ ಸನೋಫಿಯ ವಿರುದ್ಧ ಬ್ರಿಟಿಷ್ ಕುಟುಂಬಗಳು ಒಟ್ಟಾಗಿ ಹೂಡಿದ್ದ ದಾವೆ 2010ರಲ್ಲಿ, ವಿಚಾರಣೆ ಹತ್ತಿರವಾದಾಗ, ಸರ್ಕಾರಿ ಕಾನೂನು ನೆರವು ಹಿಂತೆಗೆದ ಕಾರಣ ಕುಸಿದುಬಿತ್ತು. ಸೋತರೆ ಎದುರು ಪಕ್ಷದ ಖರ್ಚನ್ನೂ ಭರಿಸಬೇಕಾದ ವ್ಯವಸ್ಥೆಯಲ್ಲಿ ಯಾವ ಸಂಸಾರ ಸ್ವಂತ ಹಣದಿಂದ ಮುಂದುವರಿದೀತು?

ದೋಷಪೂರಿತ ಉತ್ಪನ್ನದ ಹೊಣೆ ಹೇಳುವ 1987ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ತಯಾರಕರ ನಿರ್ಲಕ್ಷ್ಯ ಸಾಬೀತುಪಡಿಸಬೇಕಿಲ್ಲ. ಆದರೆ ಉತ್ಪನ್ನ ಮಾರುಕಟ್ಟೆಗೆ ಬಿಟ್ಟ ಹತ್ತು ವರ್ಷಕ್ಕೆ ಹಕ್ಕು ಸಂಪೂರ್ಣವಾಗಿ ಮುಗಿಯುತ್ತದೆ. ಹಾನಿಗೊಂಡದ್ದು ಮಗುವಾಗಿದ್ದರೂ ವಿನಾಯಿತಿ ಇಲ್ಲ. ರೋಗನಿರ್ಣಯಕ್ಕೇ ಎಂಟು ಹತ್ತು ವರ್ಷ ಹಿಡಿಯುವ ಹಾನಿಗೆ ಈ ಗಡುವು ಎಂದರೆ ಬಾಗಿಲು ತೆರೆಯುವ ಮುನ್ನವೇ ಬೀಗ. ವೈದ್ಯರ ನಿರ್ಲಕ್ಷ್ಯವೆಂದು ಹೋದರೆ ಅದು ಒಬ್ಬೊಬ್ಬರ ಪ್ರತ್ಯೇಕ ಮೊಕದ್ದಮೆ. ಆ ಕಾಲದ ಉಳಿದ ವೈದ್ಯರೂ ಹಾಗೆಯೇ ಮಾಡುತ್ತಿದ್ದರೆಂಬ ಸಮರ್ಥನೆ ಅಲ್ಲಿ ಎದುರಾಗುತ್ತದೆ. ರೋಗಿಗೆ ಮುಖ್ಯವೆನಿಸುವ ಅಪಾಯವನ್ನು ಹೇಳಲೇಬೇಕೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2015ರ ಮಾಂಟ್‌ಗೊಮೆರಿ ತೀರ್ಪಿನಲ್ಲಿ.

ಇನ್ನೊಂದು ಅಡ್ಡಿ ವೈದ್ಯಕೀಯದ್ದು. ಹಾನಿ ವಾಲ್‌ಪ್ರೊಯೇಟಿನದೇ ಎಂದು ತೋರಿಸುವ ರಕ್ತ ಪರೀಕ್ಷೆ ಇಲ್ಲ. ತೆಳ್ಳಗಿನ ಮೇಲ್ದುಟಿ, ಅಗಲವಾದ ಮೂಗಿನ ಬುಡದಂಥ ಲಕ್ಷಣ, ಬೆಳವಣಿಗೆಯ ಚರಿತ್ರೆ, ತಾಯಿ ಮದ್ದು ತೆಗೆದುಕೊಂಡ ದಾಖಲೆ, ಇವನ್ನೆಲ್ಲ ಸೇರಿಸಿ, ಬೇರೆ ಆನುವಂಶಿಕ ಕಾರಣಗಳನ್ನು ತಳ್ಳಿಹಾಕಿ ನಿರ್ಣಯಿಸಬೇಕು. ಎಷ್ಟೋ ಮಕ್ಕಳಿಗೆ ಬರಿಯ ಆಟಿಸಂ ಎಂಬ ಹಣೆಪಟ್ಟಿ ಬಿದ್ದು ವಿಷಯ ಅಲ್ಲಿಗೇ ನಿಂತಿದೆ.

ಫ್ರಾನ್ಸ್ ಹಿಡಿದ ದಾರಿ

ಫ್ರಾನ್ಸಿನಲ್ಲಿ ಮಾರೀನ್ ಮಾರ್ತಾಂ 2011ರಲ್ಲಿ ಕಟ್ಟಿದ ಅಪೆಸಾಕ್ ಸಂಘಟನೆಯ ಒತ್ತಡದಿಂದ 2016ರ ಕೊನೆಯಲ್ಲಿ ಸಂಸತ್ತು ಸಾರ್ವಜನಿಕ ಪರಿಹಾರ ವ್ಯವಸ್ಥೆಯೊಂದನ್ನು ಒಪ್ಪಿತು. ಕುಟುಂಬ ನ್ಯಾಯಾಲಯಕ್ಕೆ ಹೋಗಬೇಕಿಲ್ಲ. ತಜ್ಞರ ಸಮಿತಿ ಅರ್ಜಿ ನೋಡುತ್ತದೆ. ಮೊದಮೊದಲು ಅದೂ ಆಮೆವೇಗದಲ್ಲೇ ಸಾಗಿತು, ಏಕೆಂದರೆ ಆ ವರ್ಷ ಆ ತಾಯಿಗೆ ಅಪಾಯವನ್ನು ಯಾರೂ ಹೇಳಿರಲಿಲ್ಲವೆಂದು ಪ್ರತಿ ಅರ್ಜಿಯಲ್ಲೂ ತೋರಿಸಬೇಕಿತ್ತು. ಹಾಗಾಗಿ 2020ರ ಹಣಕಾಸು ಕಾಯ್ದೆಯಲ್ಲಿ ಭಾರವನ್ನು ತಿರುಗಿಸಲಾಯಿತು. ದೈಹಿಕ ನ್ಯೂನತೆಗಳಿಗೆ 1982ರ ನಂತರದ, ಬೆಳವಣಿಗೆಯ ತೊಂದರೆಗಳಿಗೆ 1984ರ ನಂತರದ ಜನನಗಳಲ್ಲಿ, ತಾಯಿಗೆ ಮಾಹಿತಿ ಕೊಟ್ಟಿರಲಿಲ್ಲವೆಂದೇ ಭಾವಿಸಲಾಗುತ್ತದೆ. ಬ್ರಿಟನ್ ಅನುಕರಿಸಬೇಕಾದ ಒಂದೇ ಒಂದು ಅಂಶವನ್ನು ಹೆಸರಿಸಿ ಎಂದರೆ ಅದು ಇದು. ಮೊತ್ತ ಎಷ್ಟೆಂಬುದಕ್ಕಿಂತ ಸಾಬೀತುಪಡಿಸುವ ಹೊರೆ ಯಾರದೆಂಬುದೇ ಇಂಥ ಯೋಜನೆಯ ಭವಿಷ್ಯವನ್ನು ತೀರ್ಮಾನಿಸುತ್ತದೆ.

ನ್ಯಾಯಾಲಯದಲ್ಲೂ ಅಲ್ಲಿ ವಿಷಯ ಮುಂದೆ ಹೋಗಿದೆ. 2022ರ ಜನವರಿಯಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಸಾಮೂಹಿಕ ದಾವೆಯನ್ನು ಅಂಗೀಕರಿಸಿ, ಎಚ್ಚರಿಕೆ ಮತ್ತು ಮಾಹಿತಿ ಕೊಡುವ ಕರ್ತವ್ಯದಲ್ಲಿ ಸನೋಫಿ ತಪ್ಪಿದೆಯೆಂದಿತು. ವಿಜ್ಞಾನ ಬೆಳೆದಂತೆ ಅಧಿಕಾರಿಗಳಿಗೆ ತಿಳಿಸುತ್ತ ಬಂದಿದ್ದೇವೆ, ಚೀಟಿಯಲ್ಲಿ ಏನಿರಬೇಕೆಂದು ತೀರ್ಮಾನಿಸಿದವರು ಅವರೇ ಎಂಬುದು ಕಂಪನಿ ಮೊದಲಿನಿಂದಲೂ ಮುಂದಿಟ್ಟ ವಾದ. ಈ ವಾದದಲ್ಲಿ ಹುರುಳಿದ್ದರೆ ಸರ್ಕಾರದ ಹೊಣೆ ಹೆಚ್ಚುತ್ತದೆಯೇ ಹೊರತು ಸಂತ್ರಸ್ತರ ಹಕ್ಕು ಕಡಿಮೆಯಾಗುವುದಿಲ್ಲ.

ಮುಂದೇನಾಗಬಹುದು

ತಡೆಯುವ ನಿಯಮಗಳು ಇನ್ನಷ್ಟು ಮದ್ದುಗಳಿಗೆ ಹಬ್ಬುತ್ತವೆ. ಟೊಪಿರಮೇಟ್‌ಗೆ 2024ರ ಜೂನ್‌ನಲ್ಲೇ ಬ್ರಿಟನ್ ಅಂಥ ಕಾರ್ಯಕ್ರಮ ತಂದಿದೆ. ವಾಲ್‌ಪ್ರೊಯೇಟ್ ತೆಗೆದುಕೊಳ್ಳುವ ಹರೆಯದ ಹೆಣ್ಣುಮಕ್ಕಳ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಉಳಿಯುವವರು ಬೇರೆ ಮದ್ದು ನಾಟದವರು. ಅವರ ಮೇಲೆ ತಪ್ಪಿತಸ್ಥರೆಂಬ ನೋಟ ಬೀಳದಂತೆ ನೋಡಿಕೊಳ್ಳುವುದು ವೈದ್ಯರ ಹೊಣೆ.

ಪರಿಹಾರದ ವಿಷಯದಲ್ಲಿ ಖಜಾನೆಯ ಲೆಕ್ಕವೇ ಮುಖ್ಯ ಅಡ್ಡಿ. ಹಾನಿಗೊಂಡವರು ಸುಮಾರು 20 ಸಾವಿರ ಎಂಬುದು ಬ್ರಿಟನ್ನಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಅಂದಾಜು. ಅಷ್ಟೂ ಜನ ಅರ್ಜಿ ಹಾಕಿ ಅರ್ಹರಾದರೆ ಮೊದಲ ಕಂತಿಗೇ 200 ಕೋಟಿ ಪೌಂಡ್ ಬೇಕು. ಆದರೆ ಎಷ್ಟು ಜನ ಅರ್ಹರಾಗುತ್ತಾರೆಂಬುದು ದಾಖಲೆಗಳನ್ನು ಅವಲಂಬಿಸಿದೆ. ಇಂಗ್ಲೆಂಡಿನ ಆರೋಗ್ಯ ಸೇವೆಯಲ್ಲಿ ಹೆರಿಗೆಯ ದಾಖಲೆಗಳನ್ನು ಕೊನೆಯ ಮಗು ಹುಟ್ಟಿದ 25 ವರ್ಷಗಳವರೆಗೆ ಇಡುವುದು ಪದ್ಧತಿ, ನಂತರ ನಾಶಪಡಿಸಬಹುದು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹೆತ್ತ ಎಷ್ಟೋ ತಾಯಂದಿರ ಕಡತಗಳ ಗಡುವು ಮುಗಿದಿದೆ. ತೊಂಬತ್ತರ ದಶಕದವರದ್ದೂ ಒಂದೊಂದಾಗಿ ಮುಗಿಯುತ್ತಿದೆ. ಉಳಿಯುವುದು ಕುಟುಂಬ ವೈದ್ಯರ ಬಳಿಯಿರುವ ತಾಯಿಯ ಮದ್ದಿನ ಚರಿತ್ರೆ. ಯೋಜನೆ ಘೋಷಣೆಯಾಗುವವರೆಗೆ ಕಾಯದೆ ಅದರ ಪ್ರತಿಯನ್ನು ಈಗಲೇ ಕೇಳಿ ತೆಗೆದಿಟ್ಟುಕೊಳ್ಳುವುದು, ಯಾವ ವರ್ಷ ಯಾವ ಪ್ರಮಾಣ ಎಂಬ ವಿವರ ಅದರಲ್ಲಿದೆಯೇ ಎಂದು ನೋಡುವುದು ಕುಟುಂಬಗಳ ಕೈಯಲ್ಲಿರುವ ಕೆಲಸ. ಈ ಕಡತಗಳ ನಾಶಕ್ಕೆ ತಡೆ ಹಾಕುವುದು ಸರ್ಕಾರ ಒಂದು ಆದೇಶದಿಂದ, ಖಜಾನೆಯ ಒಪ್ಪಿಗೆಗೆ ಕಾಯದೆ ಮಾಡಬಹುದಾದ ಕೆಲಸ.